ಬೈಂದೂರಿನ ಅಗ್ಗದ ಜಾಗ ಯಾರಿಗೆ ಅಗ್ಗ?

ಬ್ರಹ್ಮಾವರದಲ್ಲಿ ಐದು ಸೆಂಟ್ಸ್ ಜಾಗಕ್ಕೆ ಕೇಳುವ ದುಡ್ಡಿಗೆ ಬೈಂದೂರಿನ ಒಳಗೆ ಹದಿನೈದು ಸೆಂಟ್ಸ್ ಕೊಡಿಸುತ್ತೇನೆ ಎನ್ನುವುದು ನಮ್ಮ ಕಡೆಯ ದಲ್ಲಾಳಿಗಳ ಖಾಯಂ ಮಾತು. ಮಾತು ಸುಳ್ಳಲ್ಲ. ಗೃಹಸಾಲದ ಕಾಗದಪತ್ರ ನೋಡುವುದೇ ಬ್ಯಾಂಕಿನಲ್ಲಿ ನನ್ನ ಕೆಲಸವಾಗಿತ್ತು. ನಿವೃತ್ತನಾದ ಮೇಲೂ ಪರಿಚಯದವರು ಜಾಗಕ್ಕೆ ಮುಂಗಡ ಕೊಡುವ ಮೊದಲು ಆರ್‌ಟಿಸಿ, ಇಸಿ, ಕನ್ವರ್ಷನ್ ಆದೇಶ, ಪಂಚಾಯಿತಿಯ 9/11 ನಮೂನೆ ಎಲ್ಲವನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಮನೆಗೆ ಬರುತ್ತಾರೆ. ಹಾಗೆ ಬಂದವರೆಲ್ಲ ಕೇಳುವ ಮೊದಲ ಪ್ರಶ್ನೆ, ಸೆಂಟ್ಸಿಗೆ ಈ ದರ ಹೌದೋ ಅಲ್ಲವೋ ಎಂದು. ಅವರನ್ನು ನಾನು ತಿರುಗಿ ಕೇಳುವುದು ಬೇರೆ: ನೀವು ಕೆಲಸಕ್ಕೆ ಹೋಗುವುದು ಎಲ್ಲಿಗೆ? ಕೊನೆಯ ಬಸ್ ಎಷ್ಟು ಹೊತ್ತಿಗೆ? ಬಾವಿ ನೀರು ಏಪ್ರಿಲ್‌ನಲ್ಲಿ ಹೇಗಿರುತ್ತದೆ?

ಬ್ರಹ್ಮಾವರ, ಕುಂದಾಪುರ, ಬೈಂದೂರು ಈ ಮೂರು ತಾಲ್ಲೂಕಿನ ದರಗಳು ಹೀಗೇಕೆ ಬೇರೆಯಾದವು ಎಂಬುದಕ್ಕೆ ದೊಡ್ಡ ಗುಟ್ಟೇನಿಲ್ಲ. ಕುಂದಾಪುರ ಪೇಟೆಗೆ ಮೂರು ಕಡೆ ನೀರು. ಪಂಚಗಂಗಾವಳಿ, ಕೋಡಿಯ ಹಿನ್ನೀರು, ಅದರಾಚೆ ಸಮುದ್ರ. ಪೇಟೆ ಬೆಳೆಯಲು ಇರುವುದು ಹಂಗಳೂರು, ಕೋಟೇಶ್ವರದ ದಿಕ್ಕೊಂದೇ. ಹಾಗಾಗಿ ಒಳಗೆ ಉಳಿದ ಖಾಲಿ ಜಾಗಕ್ಕೆ ಬಾಯಿಗೆ ಬಂದ ದರ. ಬ್ರಹ್ಮಾವರದ ದರ ಏರಿಸಿದ್ದು ಮಣಿಪಾಲ ಮತ್ತು ಉಡುಪಿ. ಹೆದ್ದಾರಿ 66 ನಾಲ್ಕು ಪಥವಾದ ಮೇಲೆ ಉಡುಪಿಯಲ್ಲಿ ದುಡಿದು ಬ್ರಹ್ಮಾವರದಲ್ಲಿ ಮಲಗುವುದು ಸಲೀಸಾಯಿತು. ಬೈಂದೂರು ಇವೆರಡಕ್ಕೂ ದೂರ. 2018ರಲ್ಲಿ ಅಲ್ಲಿ ತಾಲ್ಲೂಕು ಕಚೇರಿ ಶುರುವಾಯಿತು. ಆದರೆ ಕಚೇರಿ ಬಂದಷ್ಟು ಬೇಗ ದೊಡ್ಡ ಆಸ್ಪತ್ರೆಯಾಗಲಿ, ಸಂಬಳ ಕೊಡುವ ಉದ್ಯಮವಾಗಲಿ ಬರಲಿಲ್ಲ.

ಈ ಮೂರೂ ಕಡೆ ದರ ನಿಲ್ಲಿಸಿರುವುದು ಇಲ್ಲಿಯ ಸಂಬಳ ಅಲ್ಲವೇ ಅಲ್ಲ. ಬೆಂಗಳೂರಿನ ಬೇಕರಿ, ಮುಂಬೈನ ಹೋಟೆಲು, ಕೊಲ್ಲಿ ದೇಶದ ಕೆಲಸ ಇವುಗಳಿಂದ ಬಂದ ದುಡ್ಡು ಅದನ್ನು ಹಿಡಿದು ನಿಲ್ಲಿಸಿದೆ. ದುಡಿದವರು ಊರಿನಲ್ಲಿ ಜಾಗ ಮಾಡುವುದು ತಪ್ಪೇನಲ್ಲ, ಅದು ಅವರ ಬೆವರು. ಆದರೆ ಅದೇ ಜಾಗಕ್ಕೆ ಗೇರುಬೀಜ ಕಾರ್ಖಾನೆಯ ಕೆಲಸದವರು, ಖಾಸಗಿ ಶಾಲೆಯ ಟೀಚರು, ಗ್ಯಾರೇಜಿನ ಹುಡುಗ ಅವರ ಎದುರು ನಿಂತು ದರ ಕೂಗಬೇಕಾಗಿದೆ.

ಇತ್ತೀಚೆಗೆ ಬೈಂದೂರು ತಾಲ್ಲೂಕಿನ ಕಾಲ್ತೋಡು ಕಡೆಯ ಗಂಡ ಹೆಂಡತಿ ಬಂದಿದ್ದರು. ಆಕೆ ಮಣಿಪಾಲದ ಕಡೆ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್, ಆತ ಕೋಟೇಶ್ವರದಲ್ಲಿ ಬೈಕ್ ಮೆಕ್ಯಾನಿಕ್. ಈಗ ಇರುವುದು ಬ್ರಹ್ಮಾವರದಲ್ಲಿ, ಒಬ್ಬರ ಮನೆಯ ಹಿಂದೆ ಶೀಟು ಹೊದೆಸಿದ ಒಂದೂವರೆ ಕೋಣೆಯಲ್ಲಿ. ಇಬ್ಬರ ಸಂಬಳ ನೋಡಿದರೆ 20 ಲಕ್ಷದ ಸಾಲ ಸಿಗಬಹುದು. ಶೇ. 8.5 ಬಡ್ಡಿ, 20 ವರ್ಷ ಎಂದರೆ ತಿಂಗಳ ಕಂತು 17,350 ರೂಪಾಯಿಯ ಹತ್ತಿರ. ಮುಗಿಯುವಾಗ ಕಟ್ಟಿದ್ದು 41 ಲಕ್ಷ ದಾಟಿರುತ್ತದೆ. ಬ್ರಹ್ಮಾವರದಲ್ಲಾದರೆ ಈ 20 ಲಕ್ಷ ಹೆಚ್ಚು ಕಡಿಮೆ ಜಾಗಕ್ಕೇ ಸರಿಹೋಗುತ್ತದೆ. ಕಾಲ್ತೋಡಿನಲ್ಲಾದರೆ ಜಾಗವೂ ಆಗುತ್ತದೆ, ಗೋಡೆಯೂ ಏಳುತ್ತದೆ. ಆಕೆ ಒಂದೇ ಮಾತು ಹೇಳಿದರು: “ಜಾಗ ಅಗ್ಗವೇ ಹೌದ್, ಆರೆ ನೈಟ್ ಡ್ಯೂಟಿ ಮುಗ್ಸ್ಕಂಡ್ ಬಪ್ಪುಕೆ ಬಸ್ಸ್ ಇಲ್ಲೆ ಅಲ್ದಾ.”

ಕಾಲ್ತೋಡಿನಿಂದ ಮಣಿಪಾಲಕ್ಕೆ ಒಂದು ದಿಕ್ಕಿಗೆ ಎಪ್ಪತ್ತು ಕಿಲೋಮೀಟರ್ ಆಸುಪಾಸು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗ ರಾಜ್ಯದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡು ತಪ್ಪಿತು. ನಮ್ಮ ಕರಾವಳಿಯಲ್ಲಿ ಓಡುವುದು ಬಹುಪಾಲು ಖಾಸಗಿ ಬಸ್ಸು. ಒಳಊರಿನ ಹೆಂಗಸು ಇವತ್ತಿಗೂ ಕಂಡಕ್ಟರ್ ಕೈಗೆ ದುಡ್ಡು ಕೊಟ್ಟೇ ಕೂರಬೇಕು. ಕೊಂಕಣ ರೈಲು ಇದೆ ಎನ್ನಬಹುದು. ಕುಂದಾಪುರದ ನಿಲ್ದಾಣವೇ ಪೇಟೆಯಿಂದ ದೂರ, ಮೂಡ್ಲಕಟ್ಟೆಯಲ್ಲಿದೆ. ಬೆಳಿಗ್ಗೆ ಡ್ಯೂಟಿಗೆ ಹೋಗಿ ಸಂಜೆ ಬರುವವರನ್ನು ಲೆಕ್ಕಕ್ಕೆ ಇಟ್ಟುಕೊಂಡು ಇಲ್ಲಿ ಯಾರೂ ರೈಲಿನ ವೇಳೆ ಹಾಕಿಲ್ಲ. ಹೀಗಾಗಿ ಜಾಗದಲ್ಲಿ ಉಳಿಸಿದ್ದನ್ನು ಇಪ್ಪತ್ತು ವರ್ಷ ಪೆಟ್ರೋಲಿಗೆ ಸುರಿಯಬೇಕಾಗುತ್ತದೆ, ಸಾಲದ ಕಂತಿನ ಜೊತೆಜೊತೆಗೇ.

ಇನ್ನೊಂದು ವಿಷಯ. ಒಳಊರಿಗೆ ಹೋದಂತೆ ಇಳಿಯುವುದು ಜಾಗದ ದರ ಮಾತ್ರ. ಕೆಂಪುಕಲ್ಲು, ಸಿಮೆಂಟು, ಕಬ್ಬಿಣ ಎಲ್ಲ ಕಡೆಯೂ ಒಂದೇ ದರ. ಲಾರಿ ಬಾಡಿಗೆ ಒಳಊರಿಗೇ ಜಾಸ್ತಿ. ಮರಳಿನ ಕಥೆ ಕೇಳುವುದೇ ಬೇಡ. ಸಿಆರ್‌ಜಡ್ ನಿಯಮ, ಪರವಾನಗಿ ಎಂದು ಹೊಳೆಯ ಮರಳು ನಿಂತು, 2018ರಲ್ಲಿ ಉಡುಪಿಯಲ್ಲಿ ಜನ ಬೀದಿಗಿಳಿದು ಹೋರಾಟ ಮಾಡಿದ್ದು ನೆನಪಿರಬಹುದು. ಚದರಡಿಗೆ ಎರಡು ಸಾವಿರದ ಕೆಳಗೆ ಈಗ ಮೇಸ್ತ್ರಿಗಳು ಮಾತೇ ಆಡುವುದಿಲ್ಲ. 800 ಚದರಡಿಯ ಸಾದಾ ಮನೆ ಎಂದರೆ 16 ಲಕ್ಷ, ಅದು ಕಾಲ್ತೋಡಾದರೂ ಸರಿ, ಕುಂದಾಪುರವಾದರೂ ಸರಿ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಬಯಲು ಪ್ರದೇಶದ ಮನೆಗೆ ಕೊಡುವ ಮೊತ್ತ 2016ರಿಂದಲೂ 1.20 ಲಕ್ಷ. ಅಷ್ಟರಲ್ಲಿ ಪಂಚಾಂಗ ಮುಗಿಸಿದರೆ ಪುಣ್ಯ.

ಬ್ಯಾಂಕಿನಲ್ಲಿ ಕೂತು ನೋಡಿದವನಾಗಿ ನನ್ನನ್ನು ಹೆಚ್ಚು ಕಾಡಿದ್ದು ಮತ್ತೊಂದು. ಜಾಗ ಮಾರುವವರು ಎರಡು ದರ ಹೇಳುತ್ತಾರೆ, ಕಾಗದಕ್ಕೊಂದು, ಕೈಗೊಂದು. ಕಾಗದದ ದರ ಸರ್ಕಾರದ ಮಾರ್ಗಸೂಚಿ ಬೆಲೆಯ ಹತ್ತಿರ ನಿಲ್ಲುತ್ತದೆ, ಉಳಿದದ್ದು ನಗದು. ಬ್ಯಾಂಕು ಸಾಲ ಕೊಡುವುದು ಕಾಗದದ ದರಕ್ಕೆ, ಅದರಲ್ಲೂ ಪೂರ್ತಿ ಅಲ್ಲ. ವ್ಯಾಪಾರದವನ ಹತ್ತಿರ ನಗದು ಇರುತ್ತದೆ, ಅವನಿಗೆ ಚಿಂತೆಯಿಲ್ಲ. ಖಾತೆಗೆ ಸಂಬಳ ಬೀಳುವ ನರ್ಸ್ ಐದಾರು ಲಕ್ಷ ನಗದು ಎಲ್ಲಿಂದ ತರಬೇಕು? ಚಿನ್ನ ಅಡವಿಟ್ಟೋ, ಸ್ವಸಹಾಯ ಸಂಘದ ಸಾಲ ಎತ್ತಿಯೋ ತರುತ್ತಾಳೆ. ಪ್ರಾಮಾಣಿಕವಾಗಿ ಪೂರ್ತಿ ದರ ಕಾಗದದಲ್ಲೇ ತೋರಿಸುತ್ತೇವೆ ಎಂದರೂ ಖರ್ಚು ಇದ್ದೇ ಇದೆ. 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ. 1ರಿಂದ 2ಕ್ಕೆ ಏರಿದೆ. ಅದಕ್ಕೆ ಮುದ್ರಾಂಕ ಶುಲ್ಕ, ಸೆಸ್, ಸರ್‌ಚಾರ್ಜ್ ಸೇರಿದರೆ ಗ್ರಾಮಾಂತರದಲ್ಲಿ ಒಟ್ಟು ಶೇ. 7.65. ಹದಿನೈದು ಲಕ್ಷದ ಜಾಗಕ್ಕೆ 1,14,750 ರೂಪಾಯಿ. ಇದಕ್ಕೆ ಸಾಲವಿಲ್ಲ, ಕೈಯಿಂದಲೇ ಕಟ್ಟಬೇಕು. ಮೊದಲ ಮನೆ ಮಾಡುವವರಿಗೆ, ಐದು ಸೆಂಟ್ಸ್ ಒಳಗಿನ ಜಾಗಕ್ಕೆ ಈ ಹೊರೆ ಇಳಿಸುವುದು ಸರ್ಕಾರಕ್ಕೆ ಅಸಾಧ್ಯದ ಕೆಲಸವೇನಲ್ಲ.

ಸರ್ಕಾರಿ ಜಾಗವೇ ಕೊಡಬಹುದಲ್ಲ ಎಂದು ಘಟ್ಟದ ಮೇಲಿನ ಗೆಳೆಯರು ಕೇಳುತ್ತಾರೆ. ನಮ್ಮ ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳ ಜಾಗದ ಲೆಕ್ಕ ಅವರಿಗೆ ಸುಲಭದಲ್ಲಿ ಅರ್ಥವಾಗುವುದಿಲ್ಲ. ಕದೀಂ ವರ್ಗ, ಅಂದರೆ ಹಳೆಯ ಪಟ್ಟಾ ಜಾಗದಿಂದ ನೂರು ಗಜದವರೆಗಿನ ಸರ್ಕಾರಿ ಜಾಗ ಕುಮ್ಕಿ. ಪಕ್ಕದ ವರ್ಗದಾರರಿಗೆ ಅದರಲ್ಲಿ ಸೊಪ್ಪು, ಸೌದೆಯ ಸವಲತ್ತು. ಉಳಿದದ್ದರಲ್ಲಿ ಬಹಳಷ್ಟು ಡೀಮ್ಡ್ ಫಾರೆಸ್ಟ್ ಎಂದು ದಾಖಲಾಗಿತ್ತು. 2022ರಲ್ಲಿ ರಾಜ್ಯ ಆ ಪಟ್ಟಿಯನ್ನು ಕಡಿತ ಮಾಡಿತು, ಆದರೂ ಸರ್ಕಾರಿ ಜಾಗದಲ್ಲಿ ಕಟ್ಟಿದ ಮನೆ ಸಕ್ರಮ ಮಾಡಿಕೊಡಿ ಎನ್ನುವ ಎಷ್ಟೋ 94ಸಿ ಅರ್ಜಿಗಳು ಕಡತದಿಂದ ಮೇಲೇಳಲಿಲ್ಲ. ಹಿಂದೆ ಸರ್ಕಾರ ಕೊಟ್ಟ ಐದು ಸೆಂಟ್ಸ್ ಕಾಲೊನಿಗಳನ್ನು ಈಗ ಹೋಗಿ ನೋಡಬೇಕು. ಅಪ್ಪನಿಗೆ ಸಿಕ್ಕ ಐದು ಸೆಂಟ್ಸಿನಲ್ಲಿ ಮೂರು ಗಂಡುಮಕ್ಕಳ ಮೂರು ಸಂಸಾರ, ಮೂರು ಗ್ಯಾಸ್ ಒಲೆ, ಒಂದು ಬಾವಿ. ಮೊಮ್ಮಕ್ಕಳಿಗೆ ಮದುವೆ ಮಾತು ಬಂದಾಗ ಹೆಣ್ಣಿನ ಕಡೆಯವರು ಮೊದಲು ಕೇಳುವುದು ಕೋಣೆ ಎಷ್ಟಿದೆ ಎಂದು.

ಇಷ್ಟೆಲ್ಲ ಇಕ್ಕಟ್ಟಿನ ನಡುವೆ, ಇದೇ ಮೂರು ತಾಲ್ಲೂಕಿನಲ್ಲಿ ಬೀಗ ಹಾಕಿದ ಮನೆಗಳು ಸಾಲುಸಾಲು ಇವೆ. ಸಾಸ್ತಾನದಿಂದ ಉಪ್ಪುಂದದವರೆಗೆ ಯಾವ ಒಳರಸ್ತೆಯಲ್ಲಿ ಹೋದರೂ ಕಾಣುತ್ತದೆ: ಗೇಟಿಗೆ ಸರಪಳಿ, ಅಂಗಳದಲ್ಲಿ ಹುಲ್ಲು, ಸಿಟ್‌ಔಟಿನಲ್ಲಿ ಹಳೆಯ ತೆಂಗಿನ ಗರಿ. ಮಾಲೀಕರು ಹೊರಗಿದ್ದಾರೆ. ಮನೆಯಲ್ಲಿ ದೈವದ ಕೋಣೆ ಇದೆ, ನಾಗಬನ ಹತ್ತಿರ ಇದೆ, ವರ್ಷಕ್ಕೊಮ್ಮೆ ಬಂದು ದೀಪ ಇಡುತ್ತಾರೆ. ಬಾಡಿಗೆಗೆ ಕೊಡಿ ಎಂದು ನಾನು ಹಲವರನ್ನು ಕೇಳಿದ್ದೇನೆ. ಬರುವ ಉತ್ತರ ಒಂದೇ: ಕೂತವರು ಏಳದಿದ್ದರೆ?

ಈ ಹೆದರಿಕೆಗೆ ಬೇರು ಇದೆ. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆಯಲ್ಲಿ ಈ ಜಿಲ್ಲೆಯ ಸಾವಿರಾರು ಗೇಣಿದಾರರು ಒಡೆಯರಾದರು. ಅದು ನ್ಯಾಯವೇ, ಆ ಕಾಯ್ದೆ ಇಲ್ಲದಿದ್ದರೆ ಇವತ್ತು ಹೊರಗೆ ದುಡಿದು ಮನೆ ಕಟ್ಟಿಸಿದ ಎಷ್ಟೋ ಕುಟುಂಬಗಳಿಗೆ ಓದೂ ಇರುತ್ತಿರಲಿಲ್ಲ, ಬಂಡವಾಳವೂ ಇರುತ್ತಿರಲಿಲ್ಲ. ಆದರೆ ಜಾಗ ಕಳೆದುಕೊಂಡ ಮನೆಗಳಲ್ಲೂ, ಪಡೆದ ಮನೆಗಳಲ್ಲೂ ಅದರ ನೆನಪು ಒಂದೇ ರೀತಿ ಉಳಿದಿದೆ: ಇನ್ನೊಬ್ಬನನ್ನು ಒಳಗೆ ಬಿಟ್ಟರೆ ಜಾಗ ಹೋಯಿತು. ಗದ್ದೆಯ ಗೇಣಿ ಬೇರೆ, ಮನೆಯ ಬಾಡಿಗೆ ಬೇರೆ. ಬಾಡಿಗೆಗೆ 1999ರ ಬೇರೆಯದೇ ಕಾಯ್ದೆ ಇದೆ. ಹನ್ನೊಂದು ತಿಂಗಳ ಕರಾರು, ಎರಡು ಸಾಕ್ಷಿ, ಬ್ಯಾಂಕ್ ಖಾತೆಯ ಮೂಲಕ ಬಾಡಿಗೆ, ದೈವದ ಕೋಣೆಗೆ ಪ್ರತ್ಯೇಕ ಬೀಗ. ಇಷ್ಟು ಮಾಡಿಕೊಂಡು ಕೊಟ್ಟ ಮನೆಗಳು ನನಗೆ ಗೊತ್ತು; ಕೊಟ್ಟವರು ಯಾರೂ ಕಳೆದುಕೊಂಡಿಲ್ಲ. ಬಚ್ಚಲಲ್ಲಿ ಒಲೆ ಉರಿದು, ಮಾಡಿನ ಹೆಂಚು ವರ್ಷಕ್ಕೊಮ್ಮೆ ಕೈಯಾಡಿಸಿಕೊಂಡು, ಆ ಮನೆಗಳು ಮಳೆಗಾಲ ದಾಟುತ್ತಿವೆ. ಬೀಗ ಹಾಕಿದ ಮನೆಯ ಪಕಾಸು ಗೆದ್ದಲಿಗೆ ಹೋಗುತ್ತಿದೆ.

ಪಂಚಾಯಿತಿಗಳು ಮಧ್ಯಸ್ಥಿಕೆ ವಹಿಸಿದರೆ ಕೆಲಸ ಇನ್ನೂ ಹಗುರ. ಮನೆ ತೆರಿಗೆ ಪುಸ್ತಕದಲ್ಲಿ ಯಾವ ಮನೆಯಲ್ಲಿ ಯಾರಿಲ್ಲ ಎಂಬುದು ಬಿಲ್ ಕಲೆಕ್ಟರಿಗೆ ಬಾಯಿಪಾಠ. ಮಾಲೀಕರ ಒಪ್ಪಿಗೆ ಪಡೆದು ಒಂದು ಪಟ್ಟಿ, ಕರಾರಿನ ಒಂದು ನಮೂನೆ, ತಕರಾರು ಬಂದರೆ ಕೇಳುವ ಒಬ್ಬರು. ಇಷ್ಟಕ್ಕೆ ಅನುದಾನವೂ ಬೇಡ. ಹೊಸ ಲೇಔಟಿಗೆ ಗುಡ್ಡ ಜರಿಯುವ ಮೊದಲು ಇದಾಗಬೇಕು. ಜೊತೆಗೆ ಬೈಂದೂರು, ಕುಂದಾಪುರ, ಮಣಿಪಾಲದ ನಡುವೆ ಆಸ್ಪತ್ರೆಯ ಪಾಳಿಗೆ ಹೊಂದುವ ಸರ್ಕಾರಿ ಬಸ್ಸು ಬೆಳಿಗ್ಗೆ ಎರಡು, ರಾತ್ರಿ ಎರಡಾದರೂ ಓಡಬೇಕು. ಆಗ ಕಾಲ್ತೋಡಿನ ಜಾಗ ನಿಜವಾಗಿಯೂ ಅಗ್ಗ ಎನ್ನಬಹುದು.

ಬೆಂಗಳೂರು, ಮುಂಬೈ, ದುಬೈಯಲ್ಲಿ ಕೂತು ಈ ಪತ್ರಿಕೆ ಓದುವ ನಮ್ಮವರಲ್ಲಿ ಒಂದು ಕೋರಿಕೆ. ಮುಂದಿನ ಸಲ ತಂಬಿಲಕ್ಕೋ ಕೊಡಿಹಬ್ಬಕ್ಕೋ ಊರಿಗೆ ಬಂದಾಗ ಒಂದು ದಿನ ಹೆಚ್ಚಿಗೆ ನಿಲ್ಲಿ. ಒಬ್ಬ ವಕೀಲರನ್ನು ಕಂಡು ಕರಾರು ಬರೆಸಿ, ನಿಮ್ಮದೇ ಊರಿನ ಶಾಲೆಯ ಟೀಚರಿಗೋ ಆಸ್ಪತ್ರೆಯ ನರ್ಸಿಗೋ ಆ ಮನೆಯನ್ನು ಬಾಡಿಗೆಗೆ ಕೊಟ್ಟು ಹೋಗಿ.