ತರಗೆಲೆಗೆ ಬೆಂಕಿ

ನಮ್ಮ ಬಡಾವಣೆಯ ಪಾರ್ಕಿನ ಹಿಂಭಾಗದಲ್ಲಿ ಹೊಂಗೆ, ನೇರಳೆ, ಬಸರಿ ಮರಗಳ ನಡುವೆ ಒಂದು ಕಾಲುದಾರಿಯಿದೆ. ಟೈಲ್ಸ್ ಹಾಕಿಲ್ಲ, ದೀಪದ ಕಂಬವಿಲ್ಲ. ಬೆಂಗಳೂರಿನಲ್ಲಿ ಬರೀ ಮಣ್ಣಿನ ಮೇಲೆ ನಡೆಯಲು ಉಳಿದಿರುವ ಜಾಗಗಳೇ ಕಡಿಮೆ. ಈ ವಾರ ಅಲ್ಲಿ ಬೆಂಕಿ ಹಾಕಿದ್ದರು. ದಾರಿಯುದ್ದಕ್ಕೂ ತರಗೆಲೆ ಗುಡಿಸಿ ಗುಡ್ಡೆ ಮಾಡಿ ಹಚ್ಚಿಬಿಟ್ಟಿದ್ದಾರೆ. ಹೊಂಗೆಯ ಬುಡದ ತೊಗಟೆ ಎರಡಡಿ ಎತ್ತರಕ್ಕೆ ಕಪ್ಪಾಗಿದೆ.

ವಿಚಾರಿಸಿದರೆ, ವಾಕಿಂಗ್‌ಗೆ ಬರುವವರೇ ದೂರು ಕೊಟ್ಟಿದ್ದಂತೆ. ಎಲೆ ಬಿದ್ದು ಗಲೀಜಾಗಿ ಕಾಣುತ್ತದೆ, ಒಳಗೆ ಹಾವಿದ್ದರೆ ಗತಿಯೇನು, ಶೂ ಕೊಳೆಯಾಗುತ್ತದೆ.

ನನಗೆ ಸಿಟ್ಟು ಬಂದದ್ದು ಈ ದೂರಿನ ಮೇಲೆ. ಪೊರಕೆ ಹಿಡಿದ ಹೆಂಗಸಿನ ಮೇಲೆ ಏನೂ ಇಲ್ಲ. ಆಕೆ ಹೇಳಿದ ಕೆಲಸ ಮಾಡಿದಳು, ಹೊಗೆಯನ್ನೂ ಆಕೆಯೇ ಕುಡಿದಳು. ಆದರೆ ದೂರು ಕೊಟ್ಟವರು ಓದಿದವರು. ‘ಕಸದಿಂದ ರಸ’ ಎಂದು ಮಕ್ಕಳಿಗೆ ಪ್ರಾಜೆಕ್ಟ್ ಮಾಡಿಸಿದವರು, ಬಾಲ್ಕನಿಯ ಕುಂಡಕ್ಕೆ ಗೊಬ್ಬರವನ್ನು ಕಿಲೋ ಲೆಕ್ಕದಲ್ಲಿ ದುಡ್ಡು ಕೊಟ್ಟು ತರಿಸುವವರು. ಮರದ ಕೆಳಗೆ ಎಲೆ ಬಿದ್ದದ್ದನ್ನು ಸಹಿಸದವರು ಮರದ ನೆರಳಿಗೆ ಯಾಕೆ ಬರಬೇಕು?

ಶಿರಸಿ ಸೀಮೆಯಲ್ಲಿ ಬೆಳೆದವಳು ನಾನು. ನಮ್ಮಲ್ಲಿ ಇದೇ ಎಲೆಗೆ ದರಕು ಅನ್ನುತ್ತೇವೆ. ಬೇಸಿಗೆಯಲ್ಲಿ ಬೆಟ್ಟ ಗುಡಿಸಿ, ದರಕು ಹೊತ್ತು ತಂದು, ಮಳೆಗಾಲಕ್ಕೆಂದು ಕೂಡಿಡುತ್ತಿದ್ದರು. ಅದು ಕೊಟ್ಟಿಗೆಯಲ್ಲಿ ದನದ ಕಾಲಡಿ ಹಾಸಾಗಿ, ಸಗಣಿ ಗಂಜಳ ಹೀರಿ, ಗೊಬ್ಬರಗುಂಡಿಯಲ್ಲಿ ಕಳಿತು ಅಡಿಕೆ ಮರದ ಬುಡಕ್ಕೆ ಹೋಗಬೇಕು. ಒಂದು ಎಕರೆ ತೋಟಕ್ಕೆ 9 ಎಕರೆವರೆಗೂ ಸೊಪ್ಪಿನ ಬೆಟ್ಟದ, ಅಂದರೆ ಸೊಪ್ಪು ದರಕು ತರುವ ಕಾಡಿನ, ಸವಲತ್ತನ್ನು ಬ್ರಿಟಿಷ್ ಸರ್ಕಾರವೇ ಒಪ್ಪಿಕೊಂಡಿತ್ತು ಎಂದರೆ ಎಲೆಯ ಬೆಲೆ ಎಷ್ಟೆಂದು ಲೆಕ್ಕ ಹಾಕಿ. ಬೆಟ್ಟಕ್ಕೆ ಬೆಂಕಿ ಬಿತ್ತೆಂದರೆ ನನ್ನಮ್ಮನಿಗೆ ಆ ದಿನ ಊಟ ಸೇರುತ್ತಿರಲಿಲ್ಲ.

ಪಾರ್ಕಿನಲ್ಲಿ ಕೊಟ್ಟಿಗೆಯಿಲ್ಲ, ಗುಡಿಸುವ ಅಗತ್ಯವೂ ಇಲ್ಲ. ಬಿದ್ದಲ್ಲೇ ಬಿಟ್ಟರೆ ಸಾಕು, ಗೆದ್ದಲು, ಸಹಸ್ರಪದಿ, ಶಿಲೀಂಧ್ರಗಳು ಎರಡು ಮಳೆಯಲ್ಲಿ ಅದನ್ನು ಮಣ್ಣಿಗೆ ತಿರುಗಿಸಲು ಶುರುಮಾಡುತ್ತವೆ. ಮಾರ್ಚಿನ ಬಿಸಿಲಿಗೆ ನೆಲದ ತೇವ ಆರದಂತೆ ಕಾಯುವುದೂ ಅದೇ ಹೊದಿಕೆ. ಹರಟೆಮಲ್ಲ ಹಕ್ಕಿಗಳು ಗುಂಪುಗಟ್ಟಿ ಎಲೆ ಮಗುಚಿ ಹುಳ ಹುಡುಕುತ್ತವೆ. ಚಳಿಗಾಲಕ್ಕೆ ಹಿಮಾಲಯದ ತಪ್ಪಲಿನಿಂದ ದಕ್ಷಿಣಕ್ಕೆ ಬರುವ ನವರಂಗ ಹಕ್ಕಿಯ ಅನ್ನವೂ ತರಗೆಲೆಯ ಅಡಿಯಲ್ಲೇ ಇರುವುದು. ಬೂದಿಯಲ್ಲಿ ಅದು ಏನು ಹೆಕ್ಕಬೇಕು?

ಕಾನೂನು ಬೇಕೆನ್ನುವವರಿಗೆ ಕಾನೂನೂ ಇದೆ. ಬಯಲಲ್ಲಿ ಕಸ ಸುಡುವುದನ್ನು ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲೇ ದೇಶಾದ್ಯಂತ ನಿಷೇಧಿಸಿದೆ. ಸಣ್ಣ ಪ್ರಮಾಣಕ್ಕೆ 5,000, ದೊಡ್ಡ ಪ್ರಮಾಣಕ್ಕೆ 25,000 ರೂಪಾಯಿ ದಂಡ.

2021ರಲ್ಲಿ ಬೆಂಗಳೂರಿನ ತುರಹಳ್ಳಿ ಕಾಡನ್ನು ವೃಕ್ಷೋದ್ಯಾನ ಮಾಡಹೊರಟಾಗ, ಕಾಡು ಕಾಡಾಗಿಯೇ ಇರಲಿ ಎಂದು ಪ್ರತಿಭಟಿಸಿದ್ದು ಇದೇ ಊರಿನ ಜನ. ಆ ಪ್ರೀತಿ ನಮ್ಮ ಬೀದಿಯ ಪಾರ್ಕಿಗೆ ಬರುವಷ್ಟರಲ್ಲಿ ಎಲ್ಲಿ ಬತ್ತಿಹೋಯಿತು?

ಹಾವಿನ ಭಯ ನನಗೂ ಅರ್ಥವಾಗುತ್ತದೆ. ಕಾಲಿಡುವ ಮೂರಡಿ ಅಗಲದ ದಾರಿಯನ್ನು ಗುಡಿಸಿ, ಎಲೆಯನ್ನು ಪಕ್ಕಕ್ಕೆ ತಳ್ಳಲಿ. ಕತ್ತಲಿರುವಾಗ ಬರುವವರು ಟಾರ್ಚ್ ತರಲಿ. ಮರದ ಬುಡ ಮುಟ್ಟುವುದು ಬೇಡ. ಭಾನುವಾರ ನಡಿಗೆಯವರ ಸಂಘದ ಸಭೆಯಿದೆ. ದೂರಿಗೆ ಸಹಿ ಹಾಕಿದವರು ಅದನ್ನು ವಾಪಸ್ ಪಡೆಯಬೇಕು, ಇನ್ನು ಬೆಂಕಿ ಹಾಕಬಾರದೆಂದು ಅವರೇ ಬರೆದುಕೊಡಬೇಕು ಎಂದು ಕೇಳಲಿದ್ದೇನೆ. ಗುಡಿಸುವ ಆ ಹೆಂಗಸನ್ನೂ ಸಭೆಗೆ ಕರೆದಿದ್ದೇನೆ. ಮೂರು ದಿನದಿಂದ ಕೆಮ್ಮುತ್ತಿರುವವಳು ಆಕೆ.