ಮನೆಯ ಮಾತು: ಮದ್ದೂರ ಸೀಮೆಯಲ್ಲಿ ಉಣ್ಣುವುದೆಲ್ಲಿ?

ಕೌಲಾಲಂಪುರದಲ್ಲಿ ಸಂಸಾರ ಹೂಡಿಕೊಂಡಿರುವ ನಮ್ಮ ವಾಚಕ ಸೋದರಿಯೊಬ್ಬರಿಂದ ಈ ತಿಂಗಳು ನಮಗೊಂದು ಓಲೆ ಬಂದಿರುತ್ತದೆ. ಆಕೆಯ ತವರು ಮಂಡ್ಯದ ಕಡೆ. ಕಳೆದ ರಜೆಯಲ್ಲಿ ತಮ್ಮ ನೆರೆಮನೆಯ ಮಲಯ ದಂಪತಿಗಳನ್ನು ಜೊತೆಯಲ್ಲಿ ಕರೆತಂದು, ಬೆಂಗಳೂರಿನಿಂದ ಮೈಸೂರಿನವರೆಗೆ ನಾಡನ್ನು ತೋರಿಸಿದರಂತೆ. ದಾರಿಯಲ್ಲಿ ಶಿವಪುರದ ಸತ್ಯಾಗ್ರಹ ಸೌಧವನ್ನು ನೋಡಿ ಹೊರಬಂದಾಗ ಮಧ್ಯಾಹ್ನದ ಹಸಿವು. "ಈ ನೆಲದವರು ಉಣ್ಣುವ ಊಟವನ್ನೇ ನಮಗೂ ಕೊಡಿಸಿ" ಎಂದು ಅತಿಥಿಗಳು ಕೇಳಿದರು. ಹೆದ್ದಾರಿಯ ದೊಡ್ಡ ಹೋಟೆಲೊಂದಕ್ಕೆ ಕರೆದೊಯ್ದರೆ ಅಲ್ಲಿ ದೊರೆತದ್ದು ಉತ್ತರ ದೇಶದ ರೊಟ್ಟಿ ಮತ್ತು ಚೀನೀಯರ ಶಾವಿಗೆ! ಆ ರಾತ್ರಿ ತವರಿನಲ್ಲಿ ಅತ್ತಿಗೆಯವರು ಪಲಾವು, ಜಾಮೂನುಗಳನ್ನು ಮಾಡಿ ಬಹು ಆದರದಿಂದ ಬಡಿಸಿದರೆಂದೂ ಆಕೆ ಬರೆದಿದ್ದಾರೆ. "ಮಲೇಷ್ಯದಲ್ಲಿ ಹೊರಗಿನವರು ಯಾವ ಬೀದಿಗೆ ಹೋದರೂ ಅಲ್ಲಿಯವರ ತಿಂಡಿ ಕೈಗೆ ಸಿಕ್ಕುತ್ತದೆ. ನಮ್ಮ ಸೀಮೆಯ ಊಟ ಎಲ್ಲಿ ಸಿಕ್ಕುತ್ತದೆ, ತಿಳಿಸುವಿರಾ?" ಎಂಬುದು ಆಕೆಯ ಪ್ರಶ್ನೆ.

ಆಕೆ ಹೇಳುವುದು ನಿಜ. ತೆಂಗಿನ ಹಾಲಿನಲ್ಲಿ ಬೆಂದ ಅನ್ನವನ್ನು ಬಾಳೆಯೆಲೆಯಲ್ಲಿ ಕಟ್ಟಿದ 'ನಾಸಿ ಲೆಮಾಕ್' ಎಂಬ ತಿಂಡಿಯನ್ನು ಆ ದೇಶದಲ್ಲಿ ಕೂಲಿಯವನೂ ಅಧಿಕಾರಿಯೂ ಬೆಳಗ್ಗೆ ಬೀದಿಬದಿಯಲ್ಲಿಯೇ ಕೊಂಡು ತಿನ್ನುವರು. ನಮ್ಮ ದಕ್ಷಿಣದವರು ಕಡಲು ದಾಟಿಸಿ ಒಯ್ದ ರೊಟ್ಟಿಯೇ ಅಲ್ಲಿ 'ರೋಟಿ ಚನಾಯ್' ಆಗಿ ನೆಲೆನಿಂತಿದೆ. ಮಲೇಷ್ಯದ ಈ ಬೆಳಗಿನ ಉಪಾಹಾರದ ಪದ್ಧತಿಯನ್ನು ಯುನೆಸ್ಕೋ ಸಂಸ್ಥೆಯವರು 2024ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿರುತ್ತಾರೆ. ತಾವು ತಿನ್ನುವುದನ್ನೇ ಬಂದವರ ಮುಂದೆಯೂ ಇಡುವ ಧೈರ್ಯ ಆ ಜನಕ್ಕಿದೆ. ಈ ಧೈರ್ಯದ ಮಾತಿಗೆ ಮುಂದೆ ಬರುತ್ತೇವೆ.

ಮದ್ದೂರೆಂದೊಡನೆ ಯಾರ ಬಾಯಲ್ಲಾದರೂ ಮೊದಲು ಬರುವ ಹೆಸರು ವಡೆಯದು. ಮದ್ದೂರಿನ ಮಗ್ಗುಲಲ್ಲಿಯೇ ಇರುವ ಶಿವಪುರವು 1938ರ ಏಪ್ರಿಲ್ ತಿಂಗಳಲ್ಲಿ ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಮೈಸೂರು ಕಾಂಗ್ರೆಸ್ಸಿನವರು ನಿಷೇಧವನ್ನು ಮೀರಿ ಧ್ವಜವೇರಿಸಿದ ಪುಣ್ಯಸ್ಥಳ. ಆದರೆ ಆ ಹೆಸರು ಕೇಳಿ ಇಳಿಯುವವರಿಗಿಂತ ವಡೆಯ ಹೆಸರು ಕೇಳಿ ಇಳಿಯುವವರೇ ಹೆಚ್ಚೆಂದು ಒಪ್ಪಿಕೊಳ್ಳಲೇಬೇಕು. ಈ ವಡೆಯ ಹುಟ್ಟನ್ನು ಮದ್ದೂರಿನವರು ಹೀಗೆ ಹೇಳುತ್ತಾರೆ: ರಾಮಚಂದ್ರ ಬುಧ್ಯ ಎಂಬವರು ರೈಲು ನಿಲ್ದಾಣದಲ್ಲಿ ಇಡ್ಡಲಿ, ಪಕೋಡಗಳನ್ನು ಮಾಡಿ ಮಾರುತ್ತಿದ್ದರು. 1917ರಲ್ಲಿ ಒಂದು ದಿನ ಗಾಡಿ ಹೊತ್ತಿಗೆ ಮುಂಚೆಯೇ ಬಂದುಬಿಟ್ಟಿತು. ಪಕೋಡ ಬೇಯುವಷ್ಟು ವ್ಯವಧಾನವಿಲ್ಲದೆ, ಕಲಸಿದ ಹಿಟ್ಟನ್ನೇ ಅಂಗೈಯಲ್ಲಿ ತಟ್ಟಿ ಎಣ್ಣೆಗೆ ಬಿಟ್ಟರು. ಪ್ರಯಾಣಿಕರಿಗೆ ಅದೇ ರುಚಿಸಿತು. ಅವಸರದಲ್ಲಿ ಕೆಟ್ಟ ಅಡಿಗೆಗಳನ್ನು ನಾವೂ ಸಾಕಷ್ಟು ಕಂಡಿದ್ದೇವೆ. ಅವಸರದಿಂದ ಇಷ್ಟು ಒಳ್ಳೆಯದಾದದ್ದು ಇನ್ನೊಂದನ್ನು ಕಾಣೆವು.

ನಿಜವಾದ ಮದ್ದೂರು ವಡೆಗೆ ಉದ್ದು ಬೀಳುವುದಿಲ್ಲವೆಂಬುದನ್ನು ಹೊಸದಾಗಿ ಮಾಡುವ ಗೃಹಿಣಿಯರು ಮರೆಯಬಾರದು. ಅಕ್ಕಿಯ ಹಿಟ್ಟು, ಚಿರೋಟಿ ರವೆ, ಮೈದಾ, ತೆಳ್ಳಗೆ ಸೀಳಿದ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ. ಮೇಲೆ ಕಾಯಿಸಿದ ಎಣ್ಣೆ ಅಥವಾ ತುಪ್ಪ. ಉಪ್ಪು ಹಾಕಿ ಈರುಳ್ಳಿಯನ್ನು ಚೆನ್ನಾಗಿ ಹಿಸುಕಿದರೆ ಅದರ ನೀರೇ ಹಿಟ್ಟಿಗೆ ಬಹಳಮಟ್ಟಿಗೆ ಸಾಕಾಗುವುದು. ನೀರು ಹೆಚ್ಚಾದರೆ ವಡೆ ಮೆತ್ತಗಾಗುತ್ತದೆ; ಉರಿ ಹೆಚ್ಚಾದರೆ ಹೊರಗೆ ಕರಿಕಾಗಿ ಒಳಗೆ ಹಸಿಯುಳಿಯುತ್ತದೆ. ಹದವಾದ ಉರಿಯಲ್ಲಿ ನಿಧಾನವಾಗಿ ಕರಿದದ್ದಾದರೆ ಅಂಚು ಗರಿಗರಿಯಾಗಿದ್ದು, ನಡುವೆ ಈರುಳ್ಳಿಯ ಸಿಹಿ ತೋರುವುದು. ಊರೊಳಗಿನ ಅಂಗಡಿಯಲ್ಲಿ ಬಾಣಲೆಯಿಂದ ತೆಗೆದ ಬಿಸಿ ವಡೆಯನ್ನು ಕಾಯಿಚಟ್ನಿಯೊಡನೆ ತಿಂದವರಿಗೆ ಪೊಟ್ಟಣದ ವಡೆ ಎರಡನೆಯ ಮಾತೇ ಸರಿ. ಆದರೂ ರೈಲಿನಲ್ಲಿ ಬುಟ್ಟಿ ಹೊತ್ತು ಬರುವವರು ಮಾರುವ ವಡೆಯನ್ನು ನಾವು ಹಳಿಯಲಾರೆವು. ಚಲಿಸುವ ಗಾಡಿಯಲ್ಲಿ ಅದಕ್ಕೆ ಬೇರೆಯೇ ಒಂದು ರುಚಿಯುಂಟು.

ಇಷ್ಟು ಹೇಳಿದ ಮೇಲೂ ಸೋದರಿಯ ಪ್ರಶ್ನೆಗೆ ಉತ್ತರ ಕೊಟ್ಟಂತಾಗಲಿಲ್ಲ. ವಡೆ ರೈಲಿನ ತಿಂಡಿ, ದಾರಿಹೋಕರಿಗಾಗಿ ಹುಟ್ಟಿದ್ದು. ಬಿಡದಿಯ ತಟ್ಟೆ ಇಡ್ಡಲಿಯೂ ಅದೇ ಜಾತಿಯದು. ಮದ್ದೂರು, ಮಳವಳ್ಳಿಯ ರೈತನು ಹೊಲದಿಂದ ಬಂದು ಕೈ ತೊಳೆದು ಕುಳಿತಾಗ ಅವನ ತಟ್ಟೆಗೆ ಬೀಳುವುದು ವಡೆಯಲ್ಲ, ಹಿಟ್ಟು. ರಾಗಿಯ ಮುದ್ದೆಯನ್ನು ಈ ಸೀಮೆಯಲ್ಲಿ 'ಹಿಟ್ಟು' ಎಂದೇ ಕರೆಯುವುದು, "ಹಿಟ್ಟುಂಡ್ಯಾ?" ಎಂದರೆ ಊಟವಾಯಿತೇ ಎಂದರ್ಥ. ಕೃಷ್ಣರಾಜಸಾಗರದ ನೀರು 1930ರ ದಶಕದಲ್ಲಿ ನಾಲೆಯಲ್ಲಿ ಹರಿದು ಬರುವವರೆಗೆ ಇಲ್ಲಿಯ ಬಹುಪಾಲು ಭೂಮಿ ಮಳೆಯನ್ನು ನಂಬಿ ರಾಗಿ, ಹುರುಳಿ, ಅವರೆಗಳನ್ನು ಕೊಡುತ್ತಿತ್ತು. ನಾಲೆ ಬಂದಿತು, 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಸ್ಥಾಪನೆಯಾಯಿತು, ಗದ್ದೆಗಳಲ್ಲಿ ಕಬ್ಬು, ಭತ್ತಗಳು ತುಂಬಿದವು. ಅನ್ನ ಹಬ್ಬದ ದಿನದ್ದಾಗಿದ್ದುದು ದಿನನಿತ್ಯದ್ದಾಯಿತು. ಆದರೆ ಹಬ್ಬದ ದಿನದ ಆ ಗೌರವವು ಮಾತ್ರ ಅನ್ನವನ್ನು ಬಿಟ್ಟು ಹೋಗಲಿಲ್ಲ.

ಹಿಟ್ಟಿಗೆ ಜೊತೆ ಬಸ್ಸಾರು. ಸೊಪ್ಪನ್ನೂ ಕಾಳನ್ನೂ ಒಟ್ಟಿಗೆ ಬೇಯಿಸಿ, ಕಟ್ಟನ್ನು ಬಸಿದುಕೊಂಡು, ಅದಕ್ಕೆ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಕಾಯಿ, ಹುಣಿಸೆ, ಸಾರಿನ ಪುಡಿಗಳನ್ನು ರುಬ್ಬಿ ಹಾಕಿ ಕುದಿಸಿದರೆ ಸಾರು; ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಪಾತ್ರೆಯಿಂದ ಎರಡು ವ್ಯಂಜನ, ಒಂದು ಹನಿಯೂ ವ್ಯರ್ಥವಿಲ್ಲ. ಇನ್ನೂ ಸರಳವಾದದ್ದು ಉಪ್ಪುಸಾರು: ಬಸಿದ ಕಟ್ಟಿಗೆ ಉಪ್ಪು ಹಾಕಿ, ಮೆಣಸಿನಕಾಯಿ ಬೆಳ್ಳುಳ್ಳಿಯ ಖಾರವನ್ನು ಬೇರೆಯಾಗಿ ಅರೆದು ತಟ್ಟೆಯ ಅಂಚಿಗಿಡುವರು, ಉಣ್ಣುವವನು ತನ್ನ ನಾಲಗೆಗೆ ತಕ್ಕಷ್ಟು ಕಲಸಿಕೊಳ್ಳುವನು. ಪರದೇಶದವರಿಗೆ ಇದಕ್ಕಿಂತ ಅನುಕೂಲವಾದ ಊಟವಿರಲಾರದು.

ಇದು ಸಿಕ್ಕುವುದೆಲ್ಲಿ? ಹೊಸ ಹೆದ್ದಾರಿಯಲ್ಲಂತೂ ಅಲ್ಲ. 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಉದ್ಘಾಟನೆಯಾದ ಬೆಂಗಳೂರು ಮೈಸೂರು ಹೆದ್ದಾರಿಯು ಊರುಗಳ ಅಂಗಡಿಬೀದಿಗಳನ್ನು ಮುಟ್ಟದೆ ಓಡುತ್ತದೆ. ಪ್ರಯಾಣಿಕನಿಗೆ ಹೊತ್ತು ಉಳಿಯಿತು. ಹಳೆಯ ರಸ್ತೆಯ ಅಂಗಡಿಯವರಿಗೆ ವ್ಯಾಪಾರ ತಗ್ಗಿತು. ಆದುದರಿಂದ ಅತಿಥಿಗಳನ್ನು ಕರೆತರುವವರು ಹಳೆಯ ರಸ್ತೆಗೆ ಇಳಿದು ಊರೊಳಗೆ ಬರಬೇಕು. ನ್ಯಾಯಾಲಯ, ಬಸ್ ನಿಲ್ದಾಣ, ಸಂತೆಯ ಮೈದಾನ, ಇವುಗಳ ಆಸುಪಾಸಿನಲ್ಲಿ ಹಳ್ಳಿಯಿಂದ ಕೆಲಸಕ್ಕೆ ಬಂದವರು ಮಧ್ಯಾಹ್ನ ಯಾವ ಬಾಗಿಲಿಗೆ ನುಗ್ಗುವರೋ ಅಲ್ಲಿಗೇ ನುಗ್ಗುವುದು ಲೇಸು. ಬೋರ್ಡಿನ ಅಂದವನ್ನು ನೋಡಿ ಹೋದವರು ಮೋಸಹೋಗುವರು. ಒಂದು ಗಂಟೆಯ ಸುಮಾರಿಗೆ ಮುದ್ದೆ ಬಿಸಿಯಾಗಿರುತ್ತದೆ. ಮೂರು ಗಂಟೆಯ ಮೇಲೆ ಹೋಗಿ ದೂರಿದರೆ ಫಲವಿಲ್ಲ.

ಮಾಂಸಾಹಾರಿಗಳಾದರೆ ಮಿಲಿಟರಿ ಹೋಟೆಲುಗಳು ಇದ್ದೇ ಇವೆ. ಗಿಡ್ಡ ಕಾಲಿನ, ತುಂಬಿದ ಮೈಯ ಬನ್ನೂರು ಕುರಿ ಈ ಸೀಮೆಯದೇ ತಳಿ. ಮಂಡ್ಯದ ಕುರಿಯೆಂದೂ ಅದಕ್ಕೆ ಹೆಸರು. ಮಲಯ ಅತಿಥಿಗಳು ಮುಸಲ್ಮಾನರಾಗಿದ್ದರೆ ಅವರ ಧರ್ಮದ ನಿಯಮಕ್ಕೆ ಒಪ್ಪುವ ಮಾಂಸವೇ ಎಂಬುದನ್ನು ಕರೆದೊಯ್ದವರೇ ಮೊದಲು ವಿಚಾರಿಸತಕ್ಕದ್ದು. ಊಟಕ್ಕೆ ಕುಳಿತ ಮೇಲೆ ಅವರು ಸಂಕೋಚಪಡುವಂತಾಗಬಾರದು. ಬಸ್ಸಾರಿಗೆ ಆ ಚಿಂತೆಯಿಲ್ಲ. ಕುಡಿಯಲು ಮದ್ದೂರಿನ ಎಳನೀರು ಉಂಟು. ಇಲ್ಲಿಯ ಮಾರುಕಟ್ಟೆಯಿಂದ ಲಾರಿಗಟ್ಟಲೆ ಎಳನೀರು ದೂರದೂರದ ಊರುಗಳಿಗೆ ಹೋಗುತ್ತದೆ. ಆಲೆಮನೆ ನಡೆಯುತ್ತಿದ್ದರೆ, ಕೊಪ್ಪರಿಗೆಯಿಂದ ಆಗ ತಾನೆ ಇಳಿದ ಬಿಸಿಬೆಲ್ಲವನ್ನು ಮಕ್ಕಳ ಕೈಗೆ ಕೊಡಿಸಲು ಮರೆಯದಿರಿ.

ಆದರೂ ನಾವು ಉಂಡ ಅತ್ಯುತ್ತಮವಾದ ಬಸ್ಸಾರು ಯಾವ ಹೋಟೆಲಿನದೂ ಅಲ್ಲ. ಕೆಲವು ವರ್ಷಗಳ ಹಿಂದೆ ಶಿವಪುರದ ಸೌಧವನ್ನು ನೋಡಲು ಹೋದಾಗ ಅಲ್ಲಿಯ ಪರಿಚಿತರೊಬ್ಬರ ಮನೆಯಲ್ಲಿ ಊಟಕ್ಕೆ ನಿಲ್ಲಬೇಕಾಯಿತು. ಆ ತಾಯಿ ನಮಗಾಗಿ ಪೇಟೆಯಿಂದ ಬಾಸುಮತಿ ಅಕ್ಕಿ ತರಿಸಿ ಪಲಾವು ಮಾಡಿದ್ದರು. ನಾವು ಎಲೆಯ ಮುಂದೆ ಕುಳಿತಿದ್ದಾಗ ಒಳಗಿನಿಂದ ಅವರೆಕಾಳಿನ ಸೊಗಡು ತೇಲಿ ಬಂದಿತು. ಏನೆಂದು ಕೇಳಿದೆವು. "ಅದು ಮನೆಯೋರ್ಗೆ ಸ್ವಾಮಿ, ಬರಿ ಹಿಟ್ಟು ಸಾರು. ನಿಮ್ಗೆಲ್ಲಾ ಅದ ಇಕ್ಕಾದ?" ಎಂದು ಆಕೆ ಸೆರಗಿನಿಂದ ಮುಖ ಒರಸಿಕೊಂಡರು. ಬಹಳ ಬಲವಂತದ ಮೇಲೆ ಒಂದು ಮುದ್ದೆ ಬಂದಿತು. ಅದರ ಮೇಲೆ ಇನ್ನೊಂದು ಅರ್ಧ. ಪಲಾವು ಹಾಗೆಯೇ ಉಳಿಯಿತು. ನಾವು ಏಳುವವರೆಗೂ ಆಕೆಗೆ ಸಮಾಧಾನವಿರಲಿಲ್ಲ. ಪಲಾವಿನಲ್ಲಿ ಏನು ಊನವಾಯಿತೆಂದು ಎರಡು ಬಾರಿ ಕೇಳಿದರು.

ಸೋದರಿಯ ಅತ್ತಿಗೆಯವರೂ ಇದೇ ಸಂಕೋಚದಿಂದಲೇ ಜಾಮೂನು ಮಾಡಿದರೆಂದು ನಾವು ಊಹಿಸುತ್ತೇವೆ. ಅದರಲ್ಲಿ ಆದರಕ್ಕೆ ಕೊರತೆಯಿಲ್ಲ; ಬಂದವರಿಗೆ ತಮ್ಮ ಮನೆಯಲ್ಲಿರುವುದರಲ್ಲಿ ಮೇಲಾದದ್ದನ್ನು ಕೊಡಬೇಕೆಂಬ ಹಳೆಯ ಮರ್ಯಾದೆ ಅದು. ಆದರೆ ಮನೆಯವರು ಹಿಟ್ಟನ್ನು ಅಡಿಗೆಮನೆಯಲ್ಲಿ ಮುಚ್ಚಿಟ್ಟರೆ ಹೋಟೆಲಿನವನು ಅದನ್ನು ಬೋರ್ಡಿನ ಮೇಲೆ ಬರೆಯುವನೇ? ಮುಂದಿನ ಸಲ ಬರುವಾಗ ಸೋದರಿಯು ಅತ್ತಿಗೆಯವರಿಗೆ ಮೊದಲೇ ಫೋನು ಮಾಡಿ, "ನೀವು ನಿತ್ಯ ಉಣ್ಣುವುದನ್ನೇ ಮಾಡಿ, ಅತಿಥಿಗಳು ಅದಕ್ಕಾಗಿಯೇ ಬರುತ್ತಿದ್ದಾರೆ" ಎಂದು ಬಾಯಿಬಿಟ್ಟು ಹೇಳಲಿ. ಮುದ್ದೆಯನ್ನು ಮುರಿದು, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗುವ ಬಗೆಯನ್ನು ಅತ್ತಿಗೆಯವರೇ ತೋರಿಸಿಕೊಡಲಿ. ಆ ನಗುವಿನಲ್ಲಿ ಭಾಷೆಯ ತೊಡಕು ಅರ್ಧ ಕಳೆಯುವುದು. ಡಿಸೆಂಬರ್, ಜನವರಿಯಲ್ಲಿ ಬರುವುದಾದರೆ ಇನ್ನೂ ಒಳ್ಳೆಯದು: ಸೊಗಡಿನ ಅವರೆಕಾಯಿ ಸಂತೆಗೆ ಬಂದಿರುತ್ತದೆ, ಹಿತಕಿದ ಬೇಳೆಯ ಸಾರು ಮಾಡಿಸಬಹುದು. ಕಾಳು ಹಿತಕುವ ಕೆಲಸಕ್ಕೆ ಮಲಯ ದಂಪತಿಗಳನ್ನೂ ಕೂರಿಸಿಕೊಳ್ಳಬಹುದು. ಆ ಕೆಲಸಕ್ಕೆ ಯಾವ ಮನೆಯಲ್ಲಿಯೂ ಕೈಗಳು ಸಾಲುವುದಿಲ್ಲ.