ಇಮ್ಮುಖ ಪ್ರವಾಹ, ಇಮ್ಮಡಿ ಹೊಣೆ

ಕೃಷ್ಣಾತಟದ ಶಕ್ತಿನಗರದಲ್ಲಿ 1985ರಲ್ಲಿ ಮೊದಲ ಘಟಕವು ಚಾಲನೆಗೊಂಡಂದಿನಿಂದ ನಾಡಿಗೆ ಬೆಳಕನ್ನೀಯುತ್ತ ಬಂದಿರುವ ರಾಯಚೂರು ಸೀಮೆಯಲ್ಲಿ, ವಿದ್ಯುತ್ತು ಮಹಾಸ್ಥಾವರಗಳಿಂದ ಉಪಕೇಂದ್ರಕ್ಕೂ, ಅಲ್ಲಿಂದ 11 ಕೆ.ವಿ. ಫೀಡರುಗಳ ಮೂಲಕ ದೇವದುರ್ಗ, ಮಾನ್ವಿಗಳ ಮನೆ-ಹೊಲಗಳಿಗೂ ಏಕಮುಖವಾಗಿ ಹರಿಯುವುದೆಂಬ ನಂಬುಗೆಯ ಮೇಲೆಯೇ ರಿಲೇ, ಫ್ಯೂಸುಗಳ ರಕ್ಷಣಾವ್ಯವಸ್ಥೆಯು ರಚಿತವಾಗಿದೆ. 2024ರ ಪಿಎಂ ಸೂರ್ಯ ಘರ್ ಯೋಜನೆಯಿಂದ ಉತ್ತೇಜಿತವಾಗಿ ಮಾಳಿಗೆಗಳನ್ನೇರುತ್ತಿರುವ ಸೌರಫಲಕಗಳು, ಬಳಸಿ ಮಿಕ್ಕುದನ್ನು ತಂತಿಗೇ ಮರಳಿಸತೊಡಗಿರುವಾಗ, ಆ ನಂಬುಗೆಯನ್ನು ಪುನಃ ಪರಿಶೀಲಿಸುವುದು ಅನಿವಾರ್ಯವಾಗಿದೆ.

ತಂತಿ ಕಡಿದು ನೆಲಕ್ಕೆ ತಾಗಿದಾಗ ದೋಷಪ್ರವಾಹದ ಒಂದಂಶವನ್ನು ಸ್ಥಳೀಯ ಉತ್ಪಾದಕವೇ, ಅದರಲ್ಲಿಯೂ ಗಿರಣಿಯಂಥಲ್ಲಿ ತಿರುಗುವ ಜನರೇಟರು, ಒದಗಿಸಿದರೆ, ಉಪಕೇಂದ್ರದ ರಿಲೇಗೆ ಅಷ್ಟರ ಮಟ್ಟಿಗೆ ಕಡಮೆ ಪ್ರವಾಹವೇ ಗೋಚರಿಸಿ ಅದು ತಡವಾಗಿ ಎಚ್ಚರಗೊಳ್ಳಬಹುದು. ಬ್ರೇಕರು ತೆರೆದ ಮೇಲೆಯೂ ಉತ್ಪಾದಕವು ಬೇರ್ಪಡದಿದ್ದರೆ, ನಿರ್ಜೀವವೆಂದು ಭಾವಿಸಿ ಕಂಬವನ್ನೇರಿದ ಲೈನ್‌ಮನ್ನನ ಪ್ರಾಣಕ್ಕೇ ಸಂಚಕಾರವೊದಗೀತು.

ಹೀಗೆ ಜಾಲದಿಂದ ಬೇರ್ಪಟ್ಟರೂ ಸ್ಥಳೀಯ ಉತ್ಪಾದಕದಿಂದ ಜೀವಂತವಾಗಿಯೇ ಉಳಿದ ತಂತಿಭಾಗ, ಅಂದರೆ ಅನುದ್ದಿಷ್ಟ ವಿದ್ಯುದ್‌ದ್ವೀಪವು, ಉಂಟಾದ 2 ಸೆಕೆಂಡುಗಳೊಳಗೆ ಉತ್ಪಾದಕವು ತಂತಿಯನ್ನು ತ್ಯಜಿಸತಕ್ಕದ್ದೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ 2013ರ ನಿಯಮಾವಳಿ ವಿಧಿಸಿದೆ. ನಿಯಮವು ಕಾಗದದಲ್ಲಿದ್ದರೆ ಸಾಲದು. ಸಂಪರ್ಕವೀಯುವ ಮುನ್ನ ಪ್ರತಿ ಇನ್ವರ್ಟರನ್ನೂ ಪರೀಕ್ಷಿಸುವುದು, ಉತ್ಪಾದನೆ ಹೆಚ್ಚಿದ ಫೀಡರುಗಳಲ್ಲಿ ರಿಲೇಗಳ ಮಿತಿಗಳನ್ನು ಪುನರ್ನಿರ್ಧರಿಸಿ ಅಗತ್ಯವಿದ್ದೆಡೆ ಪ್ರವಾಹದ ದಿಕ್ಕನ್ನರಿಯುವ ರಿಲೇಗಳನ್ನು ಅಳವಡಿಸುವುದು, ದುರಸ್ತಿಗೆ ಮುನ್ನ ತಂತಿಯನ್ನು ಪರೀಕ್ಷಿಸಿ ಎರಡೂ ಕಡೆ ಅರ್ಥಿಂಗ್ ಮಾಡುವುದು, ಇವು ಇಲ್ಲಿನ ವಿದ್ಯುತ್ ವಿತರಣಾ ಸಂಸ್ಥೆಯಾದ ಜೆಸ್ಕಾಂನ ನಿತ್ಯವ್ರತವಾಗಬೇಕು. ಸೂರ್ಯನನ್ನು ನಾವು ಆದರದಿಂದ ಬರಮಾಡಿಕೊಳ್ಳೋಣ. ಆದರೆ ಕಂಬವನ್ನೇರುವ ಕೈಗಳ ಸುರಕ್ಷೆಯನ್ನು ಮೊದಲು ನೋಡೋಣ.